ಹಿಂದಿನ ಎಡ ಚಕ್ರ

ನಮ್ಮ ವರ್ಕ್‌ಶಾಪಿನಲ್ಲಿ ಯಾವುದಾದರೂ ತಪ್ಪಿಗೆ ವಾರಸುದಾರ ಸಿಗದಿದ್ದರೆ ಅದನ್ನು ಕೆಲಸ ಬಿಟ್ಟು ಹೋದವನ ತಲೆಗೆ ಕಟ್ಟುತ್ತಾರೆ. ನಾನು ಸೇರುವ ಮೊದಲು ಆ ಸ್ಥಾನದಲ್ಲಿ ಒಬ್ಬ ಪೇಂಟರ್ ಇದ್ದ. ಅವನು ಬೇರೆ ಕಡೆ ಸೇರಿ ಮೂರು ವರ್ಷವಾಗಿದ್ದರೂ, ಗೇರ್‌ಬಾಕ್ಸ್ ಸೋರಿದರೆ ಅದೂ ಅವನದೇ ಕೈವಾಡ ಎನ್ನುತ್ತಿದ್ದರಂತೆ. ಈಗ ಆ ಸ್ಥಾನ ನನ್ನ ಗಂಡನದು. ಅವನು ಬೇರೆ ಕೆಲಸಕ್ಕೆ ಹೋಗಲಿಲ್ಲ, ಸತ್ತ. ಅವರಿಗೆ ಅದು ಇನ್ನೂ ಅನುಕೂಲ. ಪೇಂಟರ್ ಆದರೆ ಯಾವತ್ತಾದರೂ ಎದುರಿಗೆ ಸಿಕ್ಕಿ ಕೊರಳಪಟ್ಟಿ ಹಿಡಿಯಬಹುದಿತ್ತು.

ಒಂದು ಸಂಜೆ ಕೆಲಸ ಮುಗಿಸಿ, ಕೈ ತೊಳೆದು, ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತ. ತಲೆಯೊಳಗೆ ಒಂದು ರಕ್ತನಾಳ ಒಡೆಯಿತು. ಮೂವತ್ತೊಂದು ವರ್ಷ. ಇದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ.

ಎರಡು ತಿಂಗಳ ನಂತರ ವರ್ಕ್‌ಶಾಪಿನ ಯಜಮಾನರು ಮನೆಗೆ ಬಂದರು. ಅತ್ತೆಯ ಮುಂದೆ ಕಣ್ಣೊರೆಸಿಕೊಂಡು, "ನಮ್ಮ ಹುಡುಗನ ಹೆಂಡ್ತಿ ಅಂದ್ರೆ ನಮ್ಮನೆ ಮಗಳಿದ್ದ ಹಾಗೆ" ಅಂದರು. ಮಗಳಿಗೆ ಕೊಟ್ಟದ್ದು ಷಟರ್ ಪಕ್ಕದ ಮೇಜು, ಒಂದು ಹಳೆಯ ಕಂಪ್ಯೂಟರ್, ಬಂದ ಗಾಡಿಗಳ ದೂರು ಕಾರ್ಡಿನಲ್ಲಿ ಬರೆದುಕೊಳ್ಳುವ ಕೆಲಸ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಗಿರಾಕಿ ಬಂದಾಗಲೆಲ್ಲ ಯಜಮಾನರು ನನ್ನನ್ನು ಹೊಸದಾಗಿ ತರಿಸಿದ ಯಂತ್ರದಂತೆ ತೋರಿಸುತ್ತಾರೆ. "ನೋಡಿ, ನಮ್ಮಲ್ಲಿ ಕಾರ್ಡ್ ಬರೆಯೋರೂ ಎಂ.ಎಸ್‌ಸಿ."

ಗಂಡನ ತಲೆಗೆ ಕಟ್ಟಿದ ತಪ್ಪುಗಳಲ್ಲಿ ದೊಡ್ಡದು ಕೆಂಪು ಕಾರಿನದು. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ ಸ್ಪೋರ್ಟ್ಸ್ ಕಾರು. ಅದರ ಒಡೆಯ ಒಬ್ಬ ಹಲ್ಲಿನ ಡಾಕ್ಟರು. ಅದರೊಳಗೆ ಕೂರಬೇಕಾದರೆ ಅವರು ಮೊದಲು ಹೊಟ್ಟೆಯನ್ನು ಕಳಿಸಿ ಆಮೇಲೆ ತಾವು ಹೋಗುತ್ತಾರೆ. ಹಿಂದಿನ ಎಡ ಚಕ್ರದಲ್ಲಿ ಗುಂಯ್ ಎನ್ನುವ ಸದ್ದು ಬರುತ್ತಿತ್ತು, ಬೇರಿಂಗ್ ಸವೆದಿತ್ತು. ನನ್ನ ಗಂಡ ಬದಲಿಸಿದ. ಅದು ಅವನ ಕೊನೆಯ ಕೆಲಸ. ಸದ್ದು ನಿಂತಿತು. ಆದರೆ ಮರುದಿನ ಡಾಕ್ಟರು ರಸ್ತೆಗಿಳಿಸಿದ ಕೂಡಲೇ ಮೀಟರಿನಲ್ಲಿ ಎರಡು ದೀಪ ಹತ್ತಿಕೊಂಡವು. ಒಂದು, ತಿರುವಿನಲ್ಲಿ ಕಾರು ಜಾರದಂತೆ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲಿನದು, ಹಳದಿ. ಇನ್ನೊಂದು ಬ್ರೇಕಿನದು, ಕೆಂಪು.

ಅಲ್ಲಿಂದ ನಾಲ್ಕು ತಿಂಗಳು ಆ ಕಾರು ತವರಿಗೆ ಬರುವ ಹೊಸ ಮದುಮಗಳ ಹಾಗೆ ನೆಪ ಸಿಕ್ಕಾಗಲೆಲ್ಲ ನಮ್ಮಲ್ಲಿಗೆ ಬಂತು. ಇದನ್ನು ನೋಡಿಕೊಳ್ಳುತ್ತಿದ್ದವರು ಜ್ಞಾನಿ. ಅದು ಅಡ್ಡಹೆಸರು. ಅವರು ನಮ್ಮ ಹೆಡ್ ಮೆಕ್ಯಾನಿಕ್. ದೋಷ ಓದುವ ಸ್ಕ್ಯಾನರಿನ ವೈರನ್ನು ಕಾರಿಗೆ ಚುಚ್ಚಿ, ಕಣ್ಣು ಮುಚ್ಚಿ, ಎರಡು ಸಲ ತಲೆಯಾಡಿಸುತ್ತಾರೆ. ಪರದೆಯ ಮೇಲೆ ಬಂದದ್ದನ್ನು ಓದುವ ಮೊದಲೇ ಅಳಿಸುತ್ತಾರೆ. "ಮೊದ್ಲು ಕ್ಲೀನ್ ಮಾಡ್ಬೇಕಮ್ಮ. ಉಳಿದದ್ದು ನಿಜವಾದ ಕಾಯಿಲೆ." ನಮ್ಮ ಅಂಗಳ ಮೂವತ್ತು ಹೆಜ್ಜೆ ಉದ್ದ. ಆ ಕಾರಿಗೆ ತನ್ನ ಚಕ್ರದ ಮೇಲೆ ಅನುಮಾನ ಬರಬೇಕಾದರೆ ಗಂಟೆಗೆ ಇಪ್ಪತ್ತು ಕಿಲೋಮೀಟರಾದರೂ ಓಡಬೇಕು. ಹಾಗಾಗಿ ನಮ್ಮ ಅಂಗಳದೊಳಗೆ ಅದು ಸದಾ ಆರೋಗ್ಯವಾಗಿರುತ್ತಿತ್ತು. ಜ್ಞಾನಿ ಬಾನೆಟ್ ಒರೆಸಿ, ಡಾಕ್ಟರ ಕೈಗೆ ಕೀ ಕೊಟ್ಟು, "ಈಗ ನೋಡಿ ಸಾರ್" ಅನ್ನುತ್ತಿದ್ದರು. ಡಾಕ್ಟರು ಪೆಟ್ರೋಲ್ ಬಂಕ್ ದಾಟುವಷ್ಟರಲ್ಲಿ ಫೋನ್ ಬರುತ್ತಿತ್ತು.

ಚಕ್ರದ ವೇಗ ಅಳೆಯುವ ಸೆನ್ಸರ್ ಬದಲಿಸಿದರು. ವೈರಿಂಗ್ ಬದಲಿಸಿದರು. ಬ್ರೇಕ್ ಆಯಿಲ್ ಎರಡು ಸಲ. ಕೊನೆಗೆ ಬ್ರೇಕಿನ ಮಿದುಳಾದ ಕಂಟ್ರೋಲ್ ಮಾಡ್ಯೂಲನ್ನೇ ಹೊಸದು ಹಾಕಿದರು. ದೀಪಗಳು ಹತ್ತಿಕೊಂಡೇ ಇದ್ದವು. ಪ್ರತಿ ಸಲವೂ ಜ್ಞಾನಿ ಡಾಕ್ಟರಿಗೆ ದನಿ ತಗ್ಗಿಸಿ ಹೇಳುತ್ತಿದ್ದರು, ನನಗೆ ಕೇಳುವಷ್ಟು ಮಾತ್ರ ತಗ್ಗಿಸಿ. "ಏನ್ ಮಾಡೋದು ಸಾರ್, ತೀರಿಕೊಂಡ ಹುಡುಗ ಏನೋ ಮಾಡಿಟ್ಟು ಹೋಗಿದಾನೆ."

ಈ ಮಾತು ಹೇಗೋ ನಮ್ಮ ಮನೆಗೂ ಮುಟ್ಟಿತು. ಅಂದಿನಿಂದ ದಿನಾ ನಾನು ಚಪ್ಪಲಿ ಬಿಡುವ ಮುಂಚೆ ಅತ್ತೆಯದು ಒಂದೇ ಪ್ರಶ್ನೆ. "ಆ ಕಾರಿಂದು ಏನಾಯ್ತು?"

"ಏನೂ ಆಗಿಲ್ಲ."

"ನನ್ನ ಮಗ ತಪ್ಪು ಮಾಡೋನಲ್ಲ. ಅವರ ಬಾಯಿಗೆ ಮಣ್ಣು ಹಾಕ."

ಸತ್ತ ಮೇಲೆ ಅವನು ಅತ್ತೆಯ ಬಾಯಲ್ಲಿ ತಪ್ಪೇ ಮಾಡದವನಾಗಿದ್ದ. ಒಂದು ದಿನವೂ ಎದುರಾಡಿದವನಲ್ಲ, ಒಂದು ಲೋಟ ಒಡೆದವನಲ್ಲ. ನಾನು ನಾಲ್ಕು ವರ್ಷ ಸಂಸಾರ ಮಾಡಿದ್ದು ಯಾರ ಜೊತೆ ಎಂದು ನನಗೇ ಅನುಮಾನ ಬರುತ್ತಿತ್ತು. ಆದರೆ ಕೆಲಸದ ವಿಷಯದಲ್ಲಿ ನಾನೂ ಅತ್ತೆಯ ಪಕ್ಷವೇ. ಸ್ಕ್ರೂ ಬಿಚ್ಚಿದರೆ ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದವನು ಅವನು.

ಒಂದು ಸೋಮವಾರ ಡಾಕ್ಟರಿಗೆ ಸಾಕಾಯಿತು. ಶುಕ್ರವಾರದೊಳಗೆ ಕಾರು ಸರಿಯಾಗಬೇಕು, ಇಲ್ಲವಾದರೆ ಯಾರು ಏನು ಕೆಡಿಸಿದರು ಎಂದು ಬರವಣಿಗೆಯಲ್ಲಿ ಕೊಡಬೇಕು ಎಂದು ಹೇಳಿ ಹೋದರು. ಅವರ ಬೆನ್ನು ಕಂಡ ಕೂಡಲೇ ಯಜಮಾನರು ನನ್ನ ಮೇಜಿನ ಮುಂದೆ ನಿಂತರು.

"ಒಂದು ಕಾಗದ ಟೈಪ್ ಮಾಡ್ಬೇಕಲ್ಲಮ್ಮ. ನಮ್ಮ ದಿವಂಗತ ಮೆಕ್ಯಾನಿಕ್ ಬೇರಿಂಗ್ ಹಾಕುವಾಗ ತಪ್ಪು ಮಾಡಿದ್ದರಿಂದ ಅಂತ ಶುರು ಮಾಡು."

"ನಾನೇ ಟೈಪ್ ಮಾಡ್ಬೇಕಾ?"

"ನಿನ್ನ ಭಾಷೆ ಚೆನ್ನಾಗಿದೆ."

ಅವರ ಮುಖದಲ್ಲಿ ಹುಸಿ ಇರಲಿಲ್ಲ. ಅದೇ ಅವರ ವಿಶೇಷ. ವಿಧವೆಯ ಕೈಯಲ್ಲೇ ಗಂಡನ ಮೇಲೆ ದೂರು ಬರೆಸುವಾಗಲೂ ಅವರು ಪ್ರೀತಿಯಿಂದಲೇ ಇರಬಲ್ಲರು.

"ಬರೀತೀನಿ. ಏನು ತಪ್ಪು ಅಂತ ಹೇಳಿ."

"ತಪ್ಪಾಗಿ ಕೂರಿಸಿದ್ದ ಅಂತ ಬರಿ."

"ಹೇಗೆ ತಪ್ಪಾಗಿ?"

ಯಜಮಾನರು ಜ್ಞಾನಿಯ ಮುಖ ನೋಡಿದರು. ಜ್ಞಾನಿ ಚಾವಣಿ ನೋಡಿದರು. "ಅದೆಲ್ಲ ಟೆಕ್ನಿಕಲ್ ಅಮ್ಮ. ಹೇಳಿದ್ರೆ ಗೊತ್ತಾಗಲ್ಲ."

"ನಿಮಗೆ ಗೊತ್ತಿದ್ರೆ ಹೇಳಿ. ನನಗೆ ಗೊತ್ತಾಗೋದು ಬಿಡೋದು ನನ್ನ ಕಷ್ಟ."

ವೆಲ್ಡಿಂಗ್ ಮಾಡುತ್ತಿದ್ದವನು ಕನ್ನಡಕ ಮೇಲೆತ್ತಿ ನಕ್ಕ. ಜ್ಞಾನಿಗೆ ಅದು ಚುಚ್ಚಿತು. "ಹಾಗಾದ್ರೆ ಎಂ.ಎಸ್‌ಸಿ.ನೇ ನೋಡ್ಲಿ ಬಿಡಿ ಯಜಮಾನ್ರೇ. ಶುಕ್ರವಾರದ ತನಕ ಟೈಮ್ ಇದೆಯಲ್ಲ. ಸೀರೆಗೆ ಗ್ರೀಸ್ ಆದೀತು, ಅಷ್ಟೇ."

"ನಾನು ಸೀರೆ ಉಡಲ್ಲ" ಅಂದೆ. ಎರಡು ತಿಂಗಳು ದಿನಾ ನೋಡಿದ ಮನುಷ್ಯನಿಗೆ ಅದೂ ಗೊತ್ತಿರಲಿಲ್ಲ. ಅವರು ಕಾರು ನೋಡುವುದೂ ಹೀಗೇ ಇರಬೇಕು.

ಮಂಗಳವಾರ ನಾನು ಅಳಿಸಬೇಡಿ ಎಂದು ಹೇಳಿ ಪರದೆ ಓದಿದೆ. ಹಿಂದಿನ ಎಡ ಚಕ್ರ, ವೇಗದ ಸೂಚನೆ ಇಲ್ಲ. ಒಂದೇ ಸಾಲು. ನಾಲ್ಕು ತಿಂಗಳಿನಿಂದ ಆ ಯಂತ್ರ ಇಷ್ಟನ್ನೇ ಹೇಳುತ್ತಾ ಬಂದಿತ್ತು. ಓದುವವರು ಇರಲಿಲ್ಲ.

"ಇದು ಹಳೇ ಕಥೆ. ಅದಕ್ಕೇ ಸೆನ್ಸರ್ ಹಾಕಿದ್ದು" ಅಂದರು ಜ್ಞಾನಿ.

"ಓಡುವಾಗ ಏನು ತೋರಿಸುತ್ತೆ ಅಂತ ನೋಡಿದ್ರಾ?"

"ಓಡುವಾಗ ರಸ್ತೆ ನೋಡ್ತೀನಿ."

ಅವರನ್ನು ಓಡಿಸಲು ಕೂರಿಸಿ, ಸ್ಕ್ಯಾನರ್ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತೆ. ಗೋದಾಮುಗಳ ಹಿಂದಿನ ನೇರ ರಸ್ತೆ. ಸ್ಪೋರ್ಟ್ಸ್ ಕಾರಿನಲ್ಲಿ ಕೂತರೆ ಎಲ್ಲರ ಮೊಣಕಾಲುಗಳಷ್ಟೇ ಕಾಣುತ್ತವೆ. ಪರದೆಯ ಮೇಲೆ ನಾಲ್ಕು ಅಂಕಿ, ನಾಲ್ಕು ಚಕ್ರಕ್ಕೆ. ಇಪ್ಪತ್ನಾಲ್ಕು, ಇಪ್ಪತ್ನಾಲ್ಕು, ಇಪ್ಪತ್ನಾಲ್ಕು, ಸೊನ್ನೆ. ನಲವತ್ತು, ನಲವತ್ತು, ನಲವತ್ತು, ಸೊನ್ನೆ. ಮೂರು ಚಕ್ರ ಓಡುತ್ತಿವೆ, ನಾಲ್ಕನೆಯದು ಸತ್ಯಾಗ್ರಹಕ್ಕೆ ಕೂತಿದೆ ಎಂದು ಕಾರು ನಂಬಿಕೊಂಡಿತ್ತು. ನಂಬಿದ ಮೇಲೆ ಅದು ಇನ್ನೇನು ಮಾಡೀತು? ಯಾವ ಚಕ್ರಕ್ಕೆ ಎಷ್ಟು ಬ್ರೇಕ್ ಹಂಚಬೇಕೆಂದು ತಿಳಿಯದೆ ಕೈಚೆಲ್ಲಿ ಎರಡೂ ದೀಪ ಹಚ್ಚಿತ್ತು. ಇಡೀ ವರ್ಕ್‌ಶಾಪಿನಲ್ಲಿ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡಿದ್ದು ಆ ಕಾರು ಒಂದೇ.

"ಮಾಡ್ಯೂಲ್ ಯಾಕೆ ಬದಲಿಸಿದ್ರಿ?" ಕೇಳಿದೆ.

"ಉಳಿದದ್ದೆಲ್ಲ ಬದಲಿಸಿ ಆಗಿತ್ತಲ್ಲ."

ಬುಧವಾರ ಕಾರನ್ನು ಮೇಲೆತ್ತಿಸಿದೆ. ಎಡಗಡೆಯ ಸೆನ್ಸರ್ ಬಿಚ್ಚಿಸಿ ಬಲಗಡೆಗೆ ಹಾಕಿಸಿದೆ, ಬಲಗಡೆಯದು ಎಡಕ್ಕೆ. ಚಕ್ರಗಳನ್ನು ಕೈಯಲ್ಲಿ ತಿರುಗಿಸಿದಾಗ ಪರದೆಯ ಮೇಲೆ ಬಲ ಚಕ್ರ ಮಾತಾಡಿತು, ಎಡ ಚಕ್ರ ಮೂಕವೇ. ಹಾಗಾದರೆ ಸೆನ್ಸರಿನದು ತಪ್ಪಿಲ್ಲ. ಅದು ಓದಬೇಕಾದ್ದೇ ಅದರ ಎದುರಿಗಿಲ್ಲ.

ಈ ಜಾತಿಯ ಬೇರಿಂಗಿನ ಒಂದು ಮುಖದ ಮೇಲೆ ಕಪ್ಪು ರಬ್ಬರಿನ ಬಳೆ ಇರುತ್ತದೆ. ಅದರೊಳಗೆ ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಎಂದು ಸುತ್ತಲೂ ಸಣ್ಣ ಸಣ್ಣ ಅಯಸ್ಕಾಂತಗಳು. ಚಕ್ರ ತಿರುಗಿದಾಗ ಅವು ಸೆನ್ಸರಿನ ಮುಂದೆ ಸಾಲಾಗಿ ಹಾದುಹೋಗುತ್ತವೆ. ಸೆನ್ಸರ್ ಎಣಿಸುತ್ತದೆ. ಅಷ್ಟೇ ವಿದ್ಯೆ. ಕಣ್ಣಿಗೆ ಎರಡು ಮುಖವೂ ಹೆಚ್ಚು ಕಮ್ಮಿ ಒಂದೇ ಥರ ಕಾಣುತ್ತವೆ. ಹಿಂದುಮುಂದಾಗಿ ಕೂರಿಸಿದರೂ ಬೇರಿಂಗ್ ಸಲೀಸಾಗಿ ತಿರುಗುತ್ತದೆ, ಸದ್ದೂ ಮಾಡುವುದಿಲ್ಲ. ಸೆನ್ಸರ್ ಮಾತ್ರ ಬರೀ ಗೋಡೆ ನೋಡುತ್ತ ಕೂರುತ್ತದೆ.

ಮೇಜಿನಿಂದ ಒಂದು ಪೇಪರ್ ಕ್ಲಿಪ್ ತಂದು, ನೇರ ಮಾಡಿ, ಸೆನ್ಸರಿನ ತೂತಿನೊಳಗೆ ಬಿಟ್ಟೆ. ಮೊದಲು ಬಲಗಡೆ. ಒಳಗೆ ಏನೋ ಕ್ಲಿಪ್ಪಿನ ತುದಿಯನ್ನು ಮೆಲ್ಲಗೆ ಎಳೆದುಕೊಂಡಿತು. ಆಮೇಲೆ ಎಡಗಡೆ. ಏನೂ ಎಳೆಯಲಿಲ್ಲ. ಇನ್ನೊಂದು ಸಲ ಬಿಟ್ಟೆ. ಚಕ್ರ ಸ್ವಲ್ಪ ತಿರುಗಿಸಿ ಮತ್ತೊಂದು ಸಲ.

"ಏನು ಸಿಕ್ತಾ?" ಜ್ಞಾನಿ ಸ್ಟೂಲಿನ ಮೇಲೆ ಕೂತೇ ಕೇಳಿದರು.

"ಇಲ್ಲ" ಅಂದೆ. ಕ್ಲಿಪ್ಪನ್ನು ಜೇಬಿಗೆ ಹಾಕಿಕೊಂಡೆ.

ಊಟದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು ಸುಮ್ಮನೆ ಕೂತೆ. ಬೇರಿಂಗನ್ನು ಒತ್ತಿ ಕೂರಿಸುವ ಪ್ರೆಸ್ಸಿಗೆ ಕೊಟ್ಟವನು ಅವನು. ಆ ಚಕ್ರದ ನಡುವಿನ, ಬೇರಿಂಗ್ ಕೂರುವ ಹಬ್ ಅನ್ನು ಆಮೇಲೆ ಯಾರೂ ಬಿಚ್ಚಿರಲಿಲ್ಲ. ನಟ್ಟಿನ ಮೇಲೆ ಅವನು ಎಳೆದ ಬಿಳಿ ಗೆರೆ ಹಾಗೇ ಇತ್ತು. ಬಿಗಿ ಮಾಡಿ ಆಯಿತು ಎನ್ನುವುದಕ್ಕೆ ಅವನ ಗುರುತು ಅದು. ಗೆರೆ ನೇರವಾಗಿತ್ತು, ತಪ್ಪಿನ ಮೇಲೆ ಎಳೆದದ್ದಾದರೂ.

ನಾನು ಬಾಯಿ ಬಿಡದಿದ್ದರೆ ಇದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಜ್ಞಾನಿಗೆ ಇನ್ನೂ ನಾಲ್ಕು ತಿಂಗಳು ಕೊಟ್ಟರೂ ಅವರು ಸೀಟು ಬದಲಿಸಿಯಾರೇ ಹೊರತು ಅಲ್ಲಿಗೆ ಕೈ ಹಾಕರು. ಅತ್ತೆಗೆ ಹೋಗಿ, ನಿಮ್ಮ ಮಗನ ತಪ್ಪು ಯಾರೂ ತೋರಿಸಲಾಗಲಿಲ್ಲ ಎನ್ನಬಹುದು. ಅದು ಸುಳ್ಳೂ ಆಗುವುದಿಲ್ಲ.

ಆದರೆ ಅವರು ಅವನ ತಲೆಗೆ ಕಟ್ಟುತ್ತಿದ್ದದ್ದು 'ಏನೋ ಮಾಡಿಟ್ಟು ಹೋಗಿದಾನೆ' ಎಂಬುದನ್ನು. ಆ 'ಏನೋ'ಗೆ ಅಂಚಿಲ್ಲ. ಇವತ್ತು ಈ ಕಾರು, ನಾಳೆ ಇನ್ನೊಂದು, ವರ್ಷ ಕಳೆದರೆ ಎಣ್ಣೆ ಸೋರಿದರೂ ಅದೇ. ಅವನು ಮಾಡಿದ್ದು ಒಂದು ಬೇರಿಂಗ್. ಅಂಗೈಯಷ್ಟು ಅಗಲದ್ದು. ಅಷ್ಟನ್ನೇ ಅವನಿಗೆ ಕೊಟ್ಟು ಉಳಿದದ್ದನ್ನು ಅವರವರಿಗೆ ಹಿಂತಿರುಗಿಸಬೇಕು ಅನ್ನಿಸಿತು. ಡಬ್ಬಿ ಮುಚ್ಚಿ ಎದ್ದೆ.

"ಹಿಂದಿನ ಎಡ ಹಬ್ ಬಿಚ್ಚಿ" ಅಂದೆ ಜ್ಞಾನಿಗೆ. "ಬೇರಿಂಗ್ ಹಿಂದುಮುಂದಾಗಿ ಕೂತಿದೆ."

ಹಬ್ ಕಳಚಿದಾಗ ಕಪ್ಪು ಬಳೆ ಹೊರಗಡೆಗೆ ಮುಖ ಮಾಡಿಕೊಂಡಿತ್ತು. ಕ್ಲಿಪ್ ಹಿಡಿದೆ. ಟಕ್ಕನೆ ಅಂಟಿತು. ಜ್ಞಾನಿ ಅದನ್ನು ಕಿತ್ತು ಮತ್ತೆ ಅಂಟಿಸಿ, ಮತ್ತೆ ಕಿತ್ತು, ಆಟಿಕೆ ಸಿಕ್ಕವರ ಹಾಗೆ ನೋಡಿದರು. ಆಮೇಲೆ ಅವರಿಗೆ ನೆನಪಾಯಿತು ಇದು ಯಾರು ಹಾಕಿದ್ದು ಎಂದು. ಒಮ್ಮೆಗೇ ಮುಖದ ಮೇಲೆ ಕರುಣೆ ಬಂತು. ನಾಲ್ಕು ತಿಂಗಳು ಮಾಡಿದ ಆರೋಪ ನಿಜವಾದದ್ದೇ ಅವರಿಗೆ ನಾಚಿಕೆಯಾಗಿತ್ತು.

"ಪಾರ್ಟ್ ಸರಿ ಇರ್ಲಿಲ್ಲ ಅಂತ ಬರೆದುಬಿಡಮ್ಮ. ಕಂಪನಿಯಿಂದಲೇ ಹಾಗೆ ಬಂತು ಅಂತ. ಯಾರು ನೋಡ್ತಾರೆ?"

"ನಾನು ನೋಡಿದ್ನಲ್ಲ."

"ಅಲ್ಲ, ಅವನಿಗೆ ಅವತ್ತು ಬೆಳಿಗ್ಗೆಯಿಂದ ತಲೆನೋವಿತ್ತು ಪಾಪ. ಕಣ್ಣು ಮಂಜಾಗ್ತಿದೆ ಅಂತಿದ್ದ. ಅದಕ್ಕೇ ಹೀಗಾಗಿದೆ."

ಅವರ ಕೈಯಿಂದ ಕ್ಲಿಪ್ ತೆಗೆದುಕೊಂಡೆ.

"ಇದನ್ನ ಈವರೆಗೆ ಯಾಕೆ ಹೇಳಲಿಲ್ಲ?"

"ನೀನು ನೊಂದ್ಕೋತೀಯ ಅಂತ."

"ಮನೆಗೆ ಹೋಗು ಅಂದ್ರಾ ಅವನಿಗೆ?"

"ಅಂದೆ ಕಣಮ್ಮ. ಬೇರಿಂಗ್ ಮುಗಿಸಿ ಹೋಗ್ತೀನಿ ಅಂದ."

ಅವನು ಹಾಗೆ ಹೇಳಿರಬಹುದು. ಹೇಳುವವನೇ. ಜ್ಞಾನಿ ಈಗ ಕಟ್ಟಿ ಹೇಳುತ್ತಿರಲೂಬಹುದು. ಅದನ್ನು ಪರೀಕ್ಷಿಸುವುದಕ್ಕೆ ನನ್ನ ಹತ್ತಿರ ಯಾವ ಕ್ಲಿಪ್ಪೂ ಇರಲಿಲ್ಲ. ಹೊಸ ಬೇರಿಂಗ್ ತರಿಸಿ ಅಂದೆ.

ಗುರುವಾರ ಅದು ಬಂತು. ಪ್ರೆಸ್ಸಿನ ಕೆಳಗಿಡುವ ಮೊದಲು ಕ್ಲಿಪ್ ಹಿಡಿದು, ಅಂಟಿದ ಮುಖವನ್ನು ಒಳಗಡೆಗೆ ತಿರುಗಿಸಿದೆ. ಹದಿನೈದು ಸೆಕೆಂಡು. ಗೋದಾಮಿನ ರಸ್ತೆಯಲ್ಲಿ ಈ ಸಲ ಓಡಿಸಿದ್ದು ನಾನು. ಮೂವತ್ತು, ಮೂವತ್ತು, ಮೂವತ್ತು, ಮೂವತ್ತು ಎಂದು ಜ್ಞಾನಿ ಪಕ್ಕದಲ್ಲಿ ಮಗ್ಗಿ ಒಪ್ಪಿಸುವ ಹಾಗೆ ಓದಿದರು. ಮೊದಲು ಕೆಂಪು ಆರಿತು, ಆಮೇಲೆ ಹಳದಿ. ಜ್ಞಾನಿ ಚಪ್ಪಾಳೆ ತಟ್ಟಿದರು. ನಾನು ಬ್ರೇಕನ್ನು ಅಗತ್ಯಕ್ಕಿಂತ ಸ್ವಲ್ಪ ಜೋರಾಗಿ ಒತ್ತಿದೆ, ಕೆಲಸ ಮಾಡುತ್ತದೋ ನೋಡಲು. ಮಾಡುತ್ತಿತ್ತು. ಸೀಟ್ ಬೆಲ್ಟ್ ಹಾಕಿಕೊಂಡಿರಲಿಲ್ಲವಾದ್ದರಿಂದ ಜ್ಞಾನಿಯ ಹಣೆ ಡ್ಯಾಶ್‌ಬೋರ್ಡಿಗೆ ತಾಗಿತು.

ಅಂದೇ ಕಾಗದ ಟೈಪ್ ಮಾಡಿದೆ. ಎರಡು ವಾಕ್ಯ. "ಹಿಂದಿನ ಎಡ ಚಕ್ರದ ಬೇರಿಂಗನ್ನು ನನ್ನ ಗಂಡ ಹಿಂದುಮುಂದಾಗಿ ಕೂರಿಸಿದ್ದರು. ಅದನ್ನು ಕಂಡುಹಿಡಿಯಲು ಒಂದು ಪೇಪರ್ ಕ್ಲಿಪ್ ಸಾಕಾಗಿತ್ತು, ಆದರೆ ನಮ್ಮ ವರ್ಕ್‌ಶಾಪ್ ಸೆನ್ಸರ್, ವೈರಿಂಗ್ ಮತ್ತು ಕಂಟ್ರೋಲ್ ಮಾಡ್ಯೂಲ್ ಬದಲಿಸುತ್ತ ನಾಲ್ಕು ತಿಂಗಳು ತೆಗೆದುಕೊಂಡಿತು."

ಯಜಮಾನರು ಓದಿದರು. ಮೊದಲನೆಯ ವಾಕ್ಯಕ್ಕೆ ತಲೆದೂಗಿದರು. ಎರಡನೆಯದಕ್ಕೆ ಕನ್ನಡಕ ತೆಗೆದರು.

"ಎಷ್ಟು ಚೆನ್ನಾಗಿ ಬರೆದಿದೀಯ. ಮೊದಲನೇದೇ ಸಾಕಲ್ವಾ?"

"ಎರಡೂ ನಿಜ."

"ನಿಜ ಎಲ್ಲಾ ಬರೆಯಕ್ಕಾಗತ್ತಾ ಮಗಳೇ? ವರ್ಕ್‌ಶಾಪ್ ಹೆಸರಿರುತ್ತೆ."

"ಅವನಿಗೂ ಹೆಸರಿತ್ತು. ಎರಡೂ ಇರ್ಲಿ, ಇಲ್ಲಾ ಎರಡೂ ಬೇಡ. ಎರಡೂ ಬೇಡ ಅಂದ್ರೆ ಡಾಕ್ಟರಿಗೆ ಬಾಯಲ್ಲೇ ಹೇಳ್ತೀನಿ."

ಅವರು ಮಗಳೇ ಎನ್ನುವುದನ್ನು ಆ ಕ್ಷಣಕ್ಕೇ ಬಿಟ್ಟರು. "ನಿಮ್ಮಿಷ್ಟ" ಅಂದು ಒಳಗೆ ಹೋದರು.

ಶುಕ್ರವಾರ ಡಾಕ್ಟರು ಬಂದು ಕಾಗದ ಓದಿದರು. ಯಜಮಾನರು ಪಕ್ಕದಲ್ಲಿ, ಈಗಿನ ಗಾಡಿಗಳು, ಎಲೆಕ್ಟ್ರಾನಿಕ್ಸು, ಕಾಲ ಕೆಟ್ಟಿದೆ ಎಂದೆಲ್ಲ ಹೇಳುತ್ತಿದ್ದರು. ಡಾಕ್ಟರು ನನ್ನ ಕಡೆ ತಿರುಗಿ, "ಈಗ ದೀಪ ಆರಿದೆಯಾ?" ಅಂದರು.

"ಆರಿದೆ."

"ಮತ್ತೆ ಹತ್ತಲ್ಲ ತಾನೇ?"

"ಇದಕ್ಕಾಗಿ ಹತ್ತಲ್ಲ."

ಅವರು ಕಾಗದವನ್ನು ನಾಲ್ಕಾಗಿ ಮಡಿಸಿ, ಎಲ್ಲಿಡುವುದೆಂದು ತಿಳಿಯದೆ, ನನಗೇ ವಾಪಸು ಕೊಟ್ಟರು. "ನಾನೂ ಒಂದ್ಸಲ ಒಬ್ಬರದು ಪಕ್ಕದ ಹಲ್ಲು ಕಿತ್ತುಬಿಟ್ಟಿದ್ದೆ. ಯಾರಿಗೂ ಹೀಗೆ ಬರೆದುಕೊಟ್ಟಿಲ್ಲಮ್ಮ." ತಮ್ಮ ಮಾತಿಗೆ ತಾವೇ ನಕ್ಕು, ಹೊಟ್ಟೆಯನ್ನು ಮೊದಲು ಕಳಿಸಿ, ಹೋದರು. ಪೆಟ್ರೋಲ್ ಬಂಕ್ ದಾಟಿದ ಮೇಲೂ ಫೋನ್ ಬರಲಿಲ್ಲ. ಬರವಣಿಗೆ ಬೇಕೆಂದು ಹಟ ಹಿಡಿದ ಮನುಷ್ಯನಿಗೆ ಬೇಕಾಗಿದ್ದದ್ದು ಅಷ್ಟೇ. ಯಾರು ಮಾಡಿದರು ಎಂಬುದು ಈ ಊರಿನಲ್ಲಿ ಇಬ್ಬರು ಹೆಂಗಸರಿಗೆ ಬಿಟ್ಟರೆ ಯಾರಿಗೂ ಬೇಕಿರಲಿಲ್ಲ.

ಮನೆಗೆ ಹೋದಾಗ ಅತ್ತೆ ಬಟಾಣಿ ಬಿಡಿಸುತ್ತಿದ್ದರು. ಇನ್ನೂ ಬೆಳಕಿತ್ತು. ನಾನು ಚಪ್ಪಲಿ ಬಿಟ್ಟೆ.

"ಆ ಕಾರಿಂದು ಏನಾಯ್ತು?"

"ಸರಿ ಹೋಯ್ತು."

"ಯಾರ ತಪ್ಪಂತೆ?"

ಅವರ ಎದುರಿಗೆ ನೆಲದ ಮೇಲೆ ಕೂತೆ. "ಅವನದೇ, ಅತ್ತೆ. ಬೇರಿಂಗನ್ನ ಹಿಂದುಮುಂದಾಗಿ ಹಾಕಿದ್ದ."

ಅತ್ತೆಯ ಕೈ ನಿಂತಿತು. ಬೈಯುತ್ತಾರೆ ಅಂದುಕೊಂಡೆ. ಬೈಸಿಕೊಳ್ಳಲು ನಾನು ತಯಾರಾಗಿದ್ದೆ, ತಿರುಗಿ ಬೈಯಲೂ. ಅವರು ಸಿಪ್ಪೆಯೊಂದನ್ನು ಬೆರಳಿಗೆ ಸುತ್ತಿ ಬಿಚ್ಚಿದರು, ಸುತ್ತಿ ಬಿಚ್ಚಿದರು.

"ಯಾರು ಹೇಳಿದ್ದು?"

"ನಾನೇ ನೋಡಿದೆ. ನನ್ನ ಕೈಯಾರೆ."

"ಹಿಂದುಮುಂದಾಗಿ."

"ಹೂಂ."

"ಬನಿಯನ್ನೂ ಹಾಗೇ ಹಾಕ್ಕೋತಿದ್ದ ಕತ್ತೆ" ಅಂದರು ಅತ್ತೆ. ದನಿಯಲ್ಲಿ ಸಿಟ್ಟಿತ್ತು, ಬದುಕಿರುವವರ ಮೇಲೆ ಬರುವಂಥ ಸಿಟ್ಟು. "ಹತ್ತು ವರ್ಷ ಆಗೋ ತನಕ. ಕತ್ತು ಬಿಗಿಯುತ್ತೆ ಅಮ್ಮ ಅಂತ ಅಳ್ತಾ ಬರೋನು. ತಿರುಗಿಸಿ ಹಾಕೋ ಅಂದ್ರೆ, ಸರಿಯಾಗೇ ಇದೆ ಅಂತ ನನ್ನ ಮೇಲೇ ಬೀಳೋನು. ಎದುರು ಮಾತಾಡೋದರಲ್ಲಿ ಅವನನ್ನ ಬಿಟ್ಟರಿಲ್ಲ."

ತಲೆನೋವಿನ ವಿಷಯ ನಾನು ಹೇಳಲಿಲ್ಲ. ಹೇಳಿದ್ದರೆ ಅತ್ತೆ ಅವನನ್ನು ಮತ್ತೆ ಎತ್ತಿ ದೇವರ ಪಕ್ಕದಲ್ಲಿ ಇಟ್ಟುಬಿಡುತ್ತಿದ್ದರು.

"ಒಂದು ಸಲ ಮದುವೆಯಾದ ಹೊಸದರಲ್ಲಿ" ಅಂದೆ, "ದಿಂಬಿನ ಕವರಿನ ಒಳಗೆ ದಿಂಬಿನ ಜೊತೆ ನನ್ನ ಕನ್ನಡಕಾನೂ ಹಾಕಿ ಮೂರು ದಿನ ಹುಡುಕಿಸಿದ. ಆಮೇಲೆ ನೀನೇ ಇಟ್ಟಿರ್ತೀಯ ಅಂದ."

"ಅನ್ನೋನೇ. ಒಪ್ಪಿಕೊಳ್ಳೋ ಜಾತಿಯಲ್ಲ ಅದು" ಅಂದು ಅತ್ತೆ ಅರ್ಧ ಬಟಾಣಿಯನ್ನು ನನ್ನ ಕಡೆ ತಳ್ಳಿದರು. "ಸುಮ್ನೆ ಕೂತ್ಕೋಬೇಡ, ಬಿಡಿಸು. ಇನ್ನೇನೇನು ಮಾಡಿದ್ದ, ಹೇಳು."